ಕೆಳಸಾಲಿನ ನಾಲ್ಕು ಚಿತ್ರಗಳು

ನಾನು ಫೋನಲ್ಲ, ಫೋನಿನ ಆಕಾರಕ್ಕೆ ಕತ್ತರಿಸಿದ ರಟ್ಟು. ನನ್ನಿಂದ ಯಾರಿಗೂ ಕರೆ ಹೋಗುವುದಿಲ್ಲ. ಯಾರ ಕರೆಯೂ ನನಗೆ ಬರುವುದಿಲ್ಲ.

ಮೊದಲು ನಾನು ಬಿಳಿ ಹಾಳೆ ತುಂಬಿಕೊಂಡು ಬಂದ ಪೆಟ್ಟಿಗೆಯ ಒಂದು ಮಗ್ಗುಲಾಗಿದ್ದೆ. ಬೆಂಗಳೂರಿನಲ್ಲಿ ಫೋನು ತಯಾರಿಸುವ ಕಂಪನಿಯೊಂದರ ನಾಲ್ಕನೇ ಮಹಡಿಯಲ್ಲಿ ಹಾಳೆಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆ ಕಸಕ್ಕೆ ಹೋಗಬೇಕಿತ್ತು. ಚಾರುಮತಿ ಎಂಬ ಹುಡುಗಿ ಅದನ್ನು ಎತ್ತಿಕೊಂಡಳು. ಅವಳು ಅಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಫೋನು ಬಳಸುವ ಜನರ ಹತ್ತಿರ ಹೋಗಿ, ಅವರು ಹೇಗೆ ಬಳಸುತ್ತಾರೆಂದು ನೋಡಿ ಬರೆದುಕೊಂಡು ಬರುವುದು ಅವಳ ಕೆಲಸ. ಬ್ಲೇಡಿನಿಂದ ನನ್ನನ್ನು ಕತ್ತರಿಸುವಾಗ ಒಂದು ಮೂಲೆ ಓರೆಯಾಯಿತು. ಸರಿಮಾಡಲು ಹೋಗಿ ಇನ್ನಷ್ಟು ಓರೆ ಮಾಡಿದಳು. ಆಮೇಲೆ ಹಾಗೆಯೇ ಬಿಟ್ಟಳು.

ನಾನು ಶಾಲೆಯ ಸ್ಲೇಟಿನಷ್ಟು ದೊಡ್ಡವನು. ವಯಸ್ಸಾದವರಿಗೂ ಕಾಣಲಿ ಎಂದು ಅವಳು ಹಾಗೆ ಮಾಡಿದ್ದಳು.

ಆ ಕಂಪನಿಯ ಹೋಮ್ ಸ್ಕ್ರೀನ್, ಅಂದರೆ ಫೋನು ಹೊತ್ತಿದ ಕೂಡಲೇ ಕಾಣುವ ಮೊದಲ ಪರದೆ, ಹೊಸದಾಗಬೇಕಿತ್ತು. ಹಳೆಯದರಲ್ಲಿ ಕೆಳಸಾಲಿಗೆ ನಾಲ್ಕು ಚಿತ್ರ ಇಟ್ಟುಕೊಳ್ಳಬಹುದಿತ್ತು. ಇಟ್ಟ ಚಿತ್ರ ಇಟ್ಟಲ್ಲೇ ಇರುತ್ತಿತ್ತು. ಹೊಸದರಲ್ಲಿ ಹಾಗಿಲ್ಲ. ಯಾವುದನ್ನು ಹೆಚ್ಚು ಸಲ ಒತ್ತುತ್ತೀರೋ ಅದು ತಾನಾಗಿಯೇ ಸರಿದು ಹೆಬ್ಬೆರಳಿನ ಹತ್ತಿರ ಬರುತ್ತದೆ. ಅಪರೂಪಕ್ಕೆ ಒತ್ತುವುದು ದೂರ ಹೋಗುತ್ತದೆ, ಕೊನೆಗೆ ಕಾಣದಾಗುತ್ತದೆ. ಇದನ್ನು ತೋರಿಸಲೆಂದು ಚಾರುಮತಿ ನನ್ನ ಮೈಯಲ್ಲಿ ಎರಡು ಸೀಳು ಮಾಡಿ ಒಂದು ಉದ್ದನೆಯ ಕಾಗದದ ಪಟ್ಟಿ ತೂರಿಸಿದಳು. ಪಟ್ಟಿಯನ್ನು ಬೆನ್ನ ಹಿಂದಿನಿಂದ ಎಳೆದರೆ ನನ್ನ ಮುಖ ಬದಲಾಗುತ್ತಿತ್ತು. ಎಳೆದಾಗ ನೋವಾಗಲಿಲ್ಲ. ಏನೂ ಆಗಲಿಲ್ಲ.

ಅವಳ ಚೀಲದಲ್ಲಿ ಊರೂರು ಸುತ್ತಿದೆ. ತುಮಕೂರಿನಲ್ಲಿ ಒಬ್ಬ ಟೈಲರು ಕೊರಳಿನ ಟೇಪಿನಿಂದ ನನ್ನನ್ನು ಅಳೆದು, "ಇದಕ್ಕೆ ಜೇಬು ಹೊಲಿಯೋಕೆ ಅರ್ಧ ಶರ್ಟೇ ಬೇಕಲ್ಲಮ್ಮ" ಅಂದ. ಚಾರುಮತಿ ನಕ್ಕು, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಮಾತಾಡುವಾಗ ಮಾತ್ರ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದಳು.

ಧಾರವಾಡದಲ್ಲಿ ನಾವು ಹೋದದ್ದು ಸಾವಂತ್ರೆವ್ವ ಎಂಬ ಹೆಂಗಸಿನ ಮನೆಗೆ. ಆಕೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಆಕೆಗೆ ಓದಲು ಬರುವುದಿಲ್ಲ. ಹಾವೇರಿಯಲ್ಲಿರುವ ಮಗಳು ಫೋನಿನ ಕೆಳಸಾಲಿನಲ್ಲಿ ನಾಲ್ಕು ಚಿತ್ರ ಇಟ್ಟುಕೊಟ್ಟಿದ್ದಳು. ಚೀಲವೆಂದರೆ ಜೋಳ ಬೀಸುವ ಗಿರಣಿ. ಕಮಲವೆಂದರೆ ಖಾನಾವಳಿ. ಗೆಜ್ಜೆಯೆಂದರೆ ಮಗಳು. ಬಲತುದಿಯಲ್ಲಿ ಹಸಿರು ಗಿಳಿ. ಅದು ಓಣಿಯ ಕೊನೆಯಲ್ಲಿರುವ ಆಟೋದ ದಾದಾಪೀರ, ಅವನು ಆಟೋದ ಹಿಂದೆ ಗಿಳಿ ಬರೆಸಿದ್ದಾನೆ.

ಚಾರುಮತಿ ಅಲ್ಲೇ ಕುಳಿತು ಚೀಟಿಗಳ ಮೇಲೆ ಆ ನಾಲ್ಕನ್ನೂ ಬರೆದು ನನ್ನ ಪಟ್ಟಿಯ ಮೇಲೆ ಅಂಟಿಸಿದಳು.

"ಗಿಳಿ ಭಾಳ ಒತ್ತುತೀರಾ ಅಮ್ಮಾ?" ಎಂದು ಕೇಳಿದಳು.

"ಇಲ್ರಿ ಅಕ್ಕಾರ. ವರ್ಷದಾಗ ಎಲ್ಡ ಸಲ, ಮೂರ್ ಸಲ. ಇವ್ರಿಗೆ ದಮ್ಮು ಹತ್ತತೈತ್ರಿ. ಹತ್ತಿತಂದ್ರ ಮಾತಾಡಾಕೂ ಬಿಡೂದಿಲ್ಲ. ಗಿಳಿ ಒತ್ತಿದ್ರ ಆತು, ದಾದಾಪೀರ ಕೇಳೂದೂ ಇಲ್ಲ, ಗಾಡಿ ತಗೊಂಡ ಬಂದಬಿಡ್ತಾನ."

ಗೋಡೆಗೆ ಒರಗಿ ಕುಳಿತ ಆಕೆಯ ಗಂಡ ಫಕೀರಪ್ಪ ಅಂದರು: "ನೋಡ್ರಿ ಅಕ್ಕಾರ, ಇಷ್ಟ್ ಚಿತ್ರ ಅದಾವು. ಕಟಕೊಂಡ ಗಂಡಂದು ಒಂದೂ ಇಲ್ಲ."

"ನಿಮಗ ಫೋನ್ ಹಚ್ಚಿ ಏನ್ ಮಾಡ್ಲಿ? ಮೂವತ್ತ ವರ್ಷದಿಂದ ಎದ್ರಿಗೇ ಕುಂತೀರಿ."

"ಎದ್ದ್ ಹ್ವಾದ್ರ ಹುಡುಕ್ತಿ ನೋಡ."

"ಹೋಗ್ರಿ ನೋಡೂಣು, ಎಲ್ಲಿ ತನಕ ಹೋಗ್ತೀರಿ?"

ಅವರು ನಗಲು ಹೋಗಿ ಕೆಮ್ಮಿದರು. ಹತ್ತಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದ ಎದೆ ಅದು.

ಚಾರುಮತಿ ನನ್ನ ಪಟ್ಟಿ ಎಳೆದಳು. ಗಿಳಿ ಮೇಲೆ ಸರಿದು ಸೀಳಿನೊಳಗೆ ಹೋಯಿತು. ಅದು ಇದ್ದ ಜಾಗಕ್ಕೆ ಚೀಲ ಬಂತು, ಏಕೆಂದರೆ ಗಿರಣಿಗೆ ಆಕೆ ದಿನಾ ಫೋನು ಮಾಡುತ್ತಾಳೆ. "ಈಗ ದಾದಾಪೀರ ಅವ್ರನ್ನ ಕರೀರಿ ನೋಡೋಣ" ಎಂದಳು.

ಸಾವಂತ್ರೆವ್ವನ ಕೈತುಂಬ ಹಿಟ್ಟು. ಬೆರಳು ನೇರವಾಗಿ ಬಲತುದಿಗೆ ಬಂತು. ಚೀಲದ ಮೇಲೆ ಬಿತ್ತು. "ಅಯ್ಯ, ಕೈ ತಪ್ಪಿತ್ರಿ" ಅಂದಳು. ಮತ್ತೊಮ್ಮೆ ಕೇಳಿದಾಗ ಮತ್ತೆ ಅಲ್ಲಿಗೇ ಬಂತು. ಐದು ಸಲ ಕೇಳಿದಾಗ ಐದು ಸಲವೂ ಬೆರಳು ಮೊದಲು ಅಲ್ಲಿಗೇ ಹೋಯಿತು. ಐದು ಸಲವೂ ಆಕೆ ತನ್ನ ಕೈಯನ್ನೇ ಬೈದುಕೊಂಡಳು. ನನ್ನ ಬಲತುದಿಯಲ್ಲಿ ಒಂದರ ಮೇಲೊಂದು ಹಿಟ್ಟಿನ ಗುರುತು ಬಿದ್ದವು. ಚಾರುಮತಿ ಅವನ್ನು ನೋಡಿದಳು. ಅವಳ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು: "ಹಳೇದು ಚೆನ್ನಾಗಿದ್ಯಾ, ಹೊಸದು ಚೆನ್ನಾಗಿದ್ಯಾ?"

"ಎಲ್ಡೂ ಚಲೋ ಅದಾವ್ರಿ."

"ಒಂದನ್ನ ಹೇಳ್ಬೇಕಮ್ಮಾ."

"ಹೊಸಾದು ನೀವ ಮಾಡಿದ್ದಲ್ರಿ?"

"ನಾನಲ್ಲ. ನಮ್ಮ ಆಫೀಸಲ್ಲಿ."

"ಒಂದ ಆತಲ್ರಿ. ಹೊಸಾದ ಚಲೋ ಐತಿ ಅಂತ ಬರ್ಕೋರಿ. ಚಾ ಆರಾಕತ್ತೈತಿ, ಕುಡೀರಿ ಮೊದ್ಲ."

ಚಾರುಮತಿ ಹಾಗೆಯೇ ಬರೆದುಕೊಂಡಳು.

ಮೂವತ್ತು ಮನೆ ಮುಗಿಸಿ ಬೆಂಗಳೂರಿಗೆ ವಾಪಸಾದೆವು. ಉದ್ದನೆಯ ಮೇಜಿನ ಸುತ್ತ ಏಳು ಜನ ಕೂತಿದ್ದರು. ಚಾರುಮತಿಯ ಮೇಲಧಿಕಾರಿ ಫಣೀಂದ್ರ ನನ್ನನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. ಕೆಟ್ಟ ಮನುಷ್ಯರಲ್ಲ. ದಿನಾ ಎಲ್ಲರಿಗೂ ತಾವೇ ಕಾಫಿ ತಂದುಕೊಡುತ್ತಿದ್ದರು.

"ಇದೇನ್ರೀ ಚಾರು, ಇದ್ರ ಮೇಲೆ ರೊಟ್ಟಿ ತಟ್ಟಿದ್ರಾ?"

ಎಲ್ಲರೂ ನಕ್ಕರು. ಚಾರುಮತಿಯೂ ನಕ್ಕಳು.

"ನಾಳೆ ದೊಡ್ಡೋರು ಬರ್ತಾರೆ. ಗಲೀಜು ಕಾಣತ್ತೆ, ಹೊಸದೊಂದು ಮಾಡಿ. ಸರಿ, ಮೂವತ್ತರಲ್ಲಿ ಎಷ್ಟು ಜನ ಹೊಸದು ಚೆನ್ನಾಗಿದೆ ಅಂದ್ರು?"

"ಇಪ್ಪತ್ತಾರು ಸರ್. ಆದ್ರೆ..."

"ಆದ್ರೆ?"

ಮೇಜಿನ ಮೇಲೆ ನಾನು ಅಂಗಾತ ಬಿದ್ದಿದ್ದೆ. ಗುರುತುಗಳು ದೀಪದ ಬೆಳಕಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಅವಳು ಅವನ್ನು ತೋರಿಸಿದ್ದರೆ ಸಾಕಿತ್ತು. ಏಳು ಜನ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನನ್ನನ್ನು ತನ್ನ ಕಡೆ ಎಳೆದುಕೊಂಡು ಮಗುಚಿ ಹಾಕಿದಳು.

"ಏನಿಲ್ಲ ಸರ್. ರಿಪೋರ್ಟಲ್ಲಿ ಬರೆದಿದ್ದೀನಿ."

ಬರೆದದ್ದು ನಿಜ. ನಲವತ್ತೊಂದನೇ ಪುಟದಲ್ಲಿ ಬರೆದಿದ್ದಳು. ಇಪ್ಪತ್ತಾರು ಎಂಬ ಅಂಕೆ ಮೊದಲನೇ ಪುಟದಲ್ಲಿತ್ತು.

ಮರುದಿನಕ್ಕೆ ಬೆಳ್ಳಗಿನ, ಮೂಲೆ ನೆಟ್ಟಗಿರುವ ಹೊಸ ರಟ್ಟು ತಯಾರಾಯಿತು. ದೊಡ್ಡವರು ಅದನ್ನು ನೋಡಿ ತಲೆಯಾಡಿಸಿದರಂತೆ. ನಾನು ಚಾರುಮತಿಯ ಮೇಜಿನ ಡ್ರಾಯರಿನಲ್ಲಿ, ಒಂದು ಮುರಿದ ಸ್ಟೇಪ್ಲರಿನ ಪಕ್ಕ, ಐದು ತಿಂಗಳು ಇದ್ದೆ. ಕತ್ತಲೆಯಲ್ಲಿ ಬೇಜಾರು ಎಂಬುದೊಂದು ಇರುತ್ತದೆ ಎಂದು ಜನ ಹೇಳುತ್ತಾರೆ. ನನಗೆ ತಿಳಿಯಲಿಲ್ಲ. ಡ್ರಾಯರು ಆಗಾಗ ತೆರೆಯುತ್ತಿತ್ತು. ಅವಳು ನನ್ನನ್ನು ನೋಡಿ ಮತ್ತೆ ಮುಚ್ಚುತ್ತಿದ್ದಳು.

ಹೊಸ ಪರದೆ ಎಲ್ಲರ ಫೋನಿಗೂ ಹೋದ ಮೇಲೆ, ಜನ ಏನನ್ನುತ್ತಾರೆ ಕೇಳಿ ಬನ್ನಿ ಎಂದು ಕಂಪನಿ ಅವಳನ್ನು ಮತ್ತೆ ಕಳಿಸಿತು. ಈ ಸಲ ರಟ್ಟಿನ ಅಗತ್ಯವಿರಲಿಲ್ಲ. ಆದರೂ ಅವಳು ನನ್ನನ್ನು ಚೀಲಕ್ಕೆ ಹಾಕಿಕೊಂಡಳು.

ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಫಕೀರಪ್ಪ ಅದೇ ಗೋಡೆಗೆ ಒರಗಿದ್ದರು. ಚಾರುಮತಿ "ಹೇಗಿದ್ದೀರಾ ಅಪ್ಪಾ?" ಎಂದು ಕೇಳಿದಳು. ಅವರು ಅವಳ ಮುಖ ನೋಡಿದರು, ಆಮೇಲೆ ಅವಳು ಚಪ್ಪಲಿ ಬಿಟ್ಟ ಜಾಗ ನೋಡಿದರು.

"ಅವ್ರಿಗೆ ಈಗ ತಿಳಿಯೂದಿಲ್ಲ ತಂಗಿ. ಕುಂದರ."

ನಡೆದದ್ದನ್ನು ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು. ಒಂದು ದಿನ ಫೋನು ತಾನಾಗಿಯೇ ಆರಿ ಹತ್ತಿತು. ನೋಡಿದರೆ ಗಿಳಿ ಇಲ್ಲ. ಮಗಳಿಗೆ ಹೇಳಿದಳು. ಮಗಳು ಐತವಾರ ಬಂದು ಸರಿಮಾಡುತ್ತೇನೆ ಅಂದಳು. ಫಕೀರಪ್ಪನಿಗೆ ದಮ್ಮು ಹತ್ತಿದ್ದು ಶುಕ್ರವಾರ ಮಧ್ಯಾಹ್ನ.

"ಗಿಳಿ ಇಲ್ಲಂತ ಗೊತ್ತೈತಿ ನನಗ. ಆದ್ರ ಆ ಹೊತ್ತಿನ್ಯಾಗ ತಲಿ ಎಲ್ಲಿ ಇರತೈತಿ? ಕೈ ತಾನ ಹೋತು. ಗಿರಣಿಗೆ ಹತ್ತಿತು. ಲಗೂನ ಬಾರೋ ಯಪ್ಪಾ ಅಂತ ನಾ ಒದರಾಕತ್ತೇನಿ, ಅಲ್ಲಿ ಗಿರಣಿ ಸಪ್ಪಳ. ಅಂವ ಏನಂದ ಗೊತ್ತೇನ? 'ಇನ್ನೂ ಬೀಸಿಲ್ಲವಾ, ಒಂದ ತಾಸ ತಡಿ' ಅಂದ. ಇಟ್ಟಬಿಟ್ಟ. ಆ ಸಪ್ಪಳದಾಗ ನನಗ 'ತಡಿ' ಅನ್ನೂದಷ್ಟ ಕೇಳಿತು. ದಾದಾಪೀರನೇ ಎತ್ತಿದ್ದಾನ ಅಂತ ತಿಳದು ಬಾಗ್ಲಾಗ ನಿಂತು ನಾ ಹಾದಿ ಕಾಯಾಕತ್ತೇನಿ. ಮತ್ತ ಒತ್ತಿದೆ. ಮತ್ತ ಅದ ಮಾತು. ಅವಾಗ ತಿಳೀತು ನನಗ. ಓಡಿದೆ. ದಾದಾಪೀರ ಊಟಕ್ಕ ಕುಂತಿದ್ದ. ಕೈ ತೊಳೀದ ಬಂದ."

ದವಾಖಾನೆಯಲ್ಲಿ ಹನ್ನೆರಡು ದಿನ. ಜೀವ ಉಳಿಯಿತು. ಉಸಿರು ನಿಂತ ಆ ಹೊತ್ತಿನಲ್ಲಿ ಮಿದುಳಿಗೆ ಪೆಟ್ಟಾಗಿದೆ ಎಂದು ಡಾಕ್ಟರು ಹೇಳಿದರಂತೆ. ಈಗ ಊಟ ಮಾಡಿಸಿದರೆ ಮಾಡುತ್ತಾರೆ. ಕೂರಿಸಿದಲ್ಲಿ ಕೂರುತ್ತಾರೆ.

ಆಕೆ ಅಳಲಿಲ್ಲ. ಚಾರುಮತಿಯೂ ಅಳಲಿಲ್ಲ. ನೋಟ್‌ಬುಕ್ಕು ಮಡಿಲಲ್ಲಿ ತೆರೆದೇ ಇತ್ತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅವಳು ಚೀಲದಿಂದ ನನ್ನನ್ನು ತೆಗೆದು ನೆಲದ ಮೇಲಿಟ್ಟಳು.

"ಅಮ್ಮಾ, ನನಗೆ ಗೊತ್ತಿತ್ತು."

"ಏನು?"

"ಹೀಗಾಗಬಹುದು ಅಂತ. ಅವತ್ತು ನಿಮ್ಮ ಬೆರಳು ಐದು ಸಲ ಇಲ್ಲಿಗೇ ಬಂತು. ನಾನು ನೋಡ್ದೆ. ಆಫೀಸಲ್ಲಿ ಹೇಳ್ಬೇಕಿತ್ತು. ಎಲ್ರೂ ನನ್ನನ್ನೇ ನೋಡ್ತಿದ್ರು, ನನ್ನ ಕೈಲಿ..." ಮಾತು ಎಂದಿನಂತೆ ಅರ್ಧಕ್ಕೆ ನಿಂತಿತು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿಯ ಒಂದು ಅಂಚು ಸುಟ್ಟಿತು. ಆಕೆ ಅದನ್ನು ತೆಗೆಯಲಿಲ್ಲ.

"ಗೊತ್ತಿದ್ರ ಹೇಳ್ಬೇಕಿತ್ತಲ್ಲವಾ."

ಚಾರುಮತಿ ತಲೆ ತಗ್ಗಿಸಿದಳು. ಸಾವಂತ್ರೆವ್ವನೇ ಮುಂದುವರಿಸಿದಳು.

"ನಾನೂ ಹೇಳ್ಲಿಲ್ಲ. ಅವತ್ತ ಅದನ್ನ ನೋಡಿದ ಕೂಡ್ಲೇ ನನಗ ಬ್ಯಾಡ ಅನಿಸಿತ್ತು. ಅಷ್ಟ್ ದೂರಿಂದ ಬಂದಾಳ, ಕುಂತು ಚಿತ್ರಾ ಬರದಾಳ, ಮನೀಗೆ ಬಂದ ಹುಡುಗಿ ಮುಂದ ಚಲೋ ಇಲ್ಲ ಅಂತ ಹೆಂಗ ಅನ್ನೂದು ಅಂತ ಸುಮ್ನ ಆದೆ." ಸುಟ್ಟ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. "ಈಗ ಹೇಳ್ತೇನಿ. ಬರ್ಕೋ. ಚಲೋ ಇಲ್ಲ."

ಚಾರುಮತಿ ಬರೆದುಕೊಳ್ಳಲಿಲ್ಲ. ತನ್ನ ಫೋನು ತೆಗೆದು ಫಣೀಂದ್ರರಿಗೆ ಕರೆ ಮಾಡಿ, ಸ್ಪೀಕರ್ ಹಾಕಿದಳು.

"ಹೇಳಿ ಚಾರು. ಮೀಟಿಂಗಲ್ಲಿದ್ದೀನಿ. ಏನಿದ್ರೂ ಮೇಲ್ ಹಾಕಿಬಿಡಿ."

"ಇಲ್ಲ ಸರ್. ಮೇಲ್ ಹಾಕಲ್ಲ. ಈಗ್ಲೇ ಕೇಳಿಸ್ಕೊಳಿ."

ಫೋನನ್ನು ಸಾವಂತ್ರೆವ್ವನ ಬಾಯಿಯ ಹತ್ತಿರ ಹಿಡಿದಳು. ಆಕೆ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಗಿರಣಿಯವನ ಮಾತು ಬಂದಾಗ ಆ ಕಡೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

"ಚಾರು," ಕೊನೆಗೆ ಫಣೀಂದ್ರ ಅಂದರು, "ಇದು ಅವತ್ತೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ನಲವತ್ತೊಂದನೇ ಪುಟದಲ್ಲಿದೆ. ಹೇಳ್ಬೇಕಿತ್ತು. ಹೇಳಲಿಲ್ಲ."

"ನಾನು ಆ ಪುಟದ ತನಕ ಓದಲಿಲ್ಲ" ಎಂದರು. ಅವರ ದನಿ ತಗ್ಗಿತ್ತು.

ಎರಡು ತಿಂಗಳಿಗೆ ಕೆಳಸಾಲು ಮರಳಿ ಬಂತು. ಮೊದಲಿನಂತೆ ಎಲ್ಲರಿಗೂ ಅಲ್ಲ, ಬೇಕೆಂದವರಿಗೆ ಮಾತ್ರ. ಸೆಟ್ಟಿಂಗ್ಸಿನೊಳಗೆ ಆರು ಮೆಟ್ಟಿಲು ದಾಟಿದರೆ ಸಿಗುತ್ತದೆ. ಅಷ್ಟಕ್ಕೇ ಚಾರುಮತಿ ಎಂಟು ಮೀಟಿಂಗಿನಲ್ಲಿ ಮಾತಾಡಬೇಕಾಯಿತಂತೆ. ಅದನ್ನು ಹಾಕಿಕೊಡಲು ಅವಳೇ ನನ್ನನ್ನೂ ಚೀಲದಲ್ಲಿಟ್ಟುಕೊಂಡು ಧಾರವಾಡಕ್ಕೆ ಬಂದಳು. ಸಾವಂತ್ರೆವ್ವ ಅವಳ ಬೆರಳು ಒಂದೊಂದೇ ಪುಟ ದಾಟುವುದನ್ನು ನೋಡುತ್ತಿದ್ದಳು.

"ಆರ್ ಬಾಗ್ಲಾ ದಾಟಿ ಇಟ್ಟೀರೇನ? ಇದು ಯಾರಿಗೆ ಸಿಗಬೇಕು ತಂಗಿ?"

"ಯಾರಿಗೂ ಸಿಗಲ್ಲ ಅಮ್ಮಾ. ಅದಕ್ಕೇ ಇನ್ನೂ ಕೇಳ್ತಾ ಇದ್ದೀನಿ."

ಓಣಿಯ ಇನ್ನೂ ಒಂಬತ್ತು ಜನರ ಫೋನಿಗೆ ಅವಳು ಸಂಜೆಯವರೆಗೆ ಕೂತು ಹಾಕಿಕೊಟ್ಟಳು. ಹೋಗುವಾಗ ನನ್ನನ್ನು ಅಲ್ಲೇ ಬಿಟ್ಟಳು. ಮರೆತು ಹೋದಳೋ, ಬಿಟ್ಟು ಹೋದಳೋ, ನಾನು ಹೇಳಲಾರೆ.

ಈಗ ನನಗೆ ವಯಸ್ಸಾಗಿದೆ. ಸೀಳುಗಳು ಹರಿದಿವೆ, ಪಟ್ಟಿ ಎಂದೋ ಕಳಚಿ ಬಿತ್ತು, ಚೀಟಿಗಳು ಒಂದೊಂದಾಗಿ ಉದುರಿದವು. ಒಲೆಯ ಹೊಗೆಗೆ ಮೈ ಕಂದಾಗಿದೆ. ನನ್ನ ಮೇಲೆ ಈಗ ಯಾವ ಗುರುತು ಎಲ್ಲಿತ್ತು ಎಂದು ಹೇಳುವುದು ಕಷ್ಟ. ಯಾರೂ ನನ್ನನ್ನು ಮುಂದಿಟ್ಟುಕೊಂಡು ಏನನ್ನೂ ಕೇಳುವುದಿಲ್ಲ. ಒಂದು ಕಾಲದಲ್ಲಿ ನಾನು ಮೂವತ್ತು ಮನೆಗಳಲ್ಲಿ ಪ್ರಶ್ನೆ ಕೇಳಿಸಿಕೊಂಡವನು. ಉತ್ತರಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಜನ ಒಳ್ಳೆಯವರಾದ್ದರಿಂದ ಹಾಗಾಯಿತು ಎಂದು ಈಗ ಅನಿಸುತ್ತದೆ.

ಬಿಸಿಲು ಹೆಚ್ಚಾದ ಮಧ್ಯಾಹ್ನಗಳಲ್ಲಿ ರೊಟ್ಟಿ ಮುಗಿಸಿ, ಕೈ ತೊಳೆದು, ಸಾವಂತ್ರೆವ್ವ ನನ್ನನ್ನು ಎತ್ತಿಕೊಂಡು ಗಂಡನ ಪಕ್ಕ ಕೂರುತ್ತಾಳೆ. ಬೀಸುತ್ತಾಳೆ. ಸ್ಲೇಟಿನಷ್ಟು ಅಗಲ ಇರುವುದರಿಂದ ಸುಮಾರಾಗಿ ಗಾಳಿ ಬರುತ್ತದೆ. ಗಾಳಿ ಸಾಕೇ ಎಂದು ಆಕೆ ಕೇಳುವುದಿಲ್ಲ. ಅವರು ಹೇಳುವುದೂ ಇಲ್ಲ. ಅವರ ಹಣೆಯ ಮೇಲಿನ ಬಿಳಿ ಕೂದಲು ಅಲ್ಲಾಡುತ್ತಿದೆಯೇ ಎಂದು ನೋಡುತ್ತಾಳೆ. ಅಲ್ಲಾಡುವುದು ನಿಂತರೆ, ಸ್ವಲ್ಪ ಹತ್ತಿರ ಸರಿದು ಕೂರುತ್ತಾಳೆ.