ತನಗೆ ತಾನೇ ಮುತ್ಯಾ ಆದ ನಾಯಿ

ಮುಧೋಳದ ನಮ್ಮ ಬೇಟೆನಾಯಿ ಸಾಕುವವರ ಸಂಘಕ್ಕೆ ಚನಮಲ್ಲಪ್ಪನವರು ಅಧ್ಯಕ್ಷರು. ಆಫೀಸಿನ ಸೋಫಾದ ಮೇಲೆ ಅವರ ನಾಯಿ ಸರ್ಜಾ ಕೂರುತ್ತದೆ, ಬಂದ ಮಂದಿ ನಿಂತಿರುತ್ತಾರೆ. ಕಂಪ್ಯೂಟರ್ ಮುಂದಿನ ಮುರುಕು ಕುರ್ಚಿ ನನ್ನದು.

ಬೀಳಗಿ ಕಡೆಯ ಕುರಿಗಾರ್ತಿ ಸಾತವ್ವ ತನ್ನ ನಾಯಿ ಕೆಂಚನಿಗೆ ತಳಿ ಸರ್ಟಿಫಿಕೇಟ್ ಕೇಳಿ ಬಂದಿದ್ದಳು. ಅದಿಲ್ಲದೆ ನಾಯಿಗಳ ಓಟದ ಪಂದ್ಯಕ್ಕೆ ಪ್ರವೇಶವಿಲ್ಲ. ಕೆಂಚ ಹೊಲದಲ್ಲಿ ಸರ್ಜಾನನ್ನು ಹಿಂದೆ ಹಾಕಿದ್ದನ್ನು ಅಧ್ಯಕ್ಷರು ಕಣ್ಣಾರೆ ಕಂಡಿದ್ದರು. ಮರುದಿನವೇ ಹೊಸ ನಿಯಮ ಹುಟ್ಟಿತು: ಹತ್ತು ತಲೆಮಾರು ತೋರಿಸಿದ ನಾಯಿಗಷ್ಟೇ ಸರ್ಟಿಫಿಕೇಟ್. ಎಂಥಾ ನ್ಯಾಯ ನೋಡಿ!

ತಲೆಮಾರು ಹುಡುಕುವ ಫಂಕ್ಷನ್ ಬರೆಯುವ ಪುಣ್ಯ ನನ್ನ ಪಾಲಿಗೆ ಬಂತು. ಬರೆದೆ. ನಾಯಿಯ ಹೆಸರು ಕೊಟ್ಟರೆ ಅದು ಡೇಟಾಬೇಸಿನಲ್ಲಿ ಅಪ್ಪನ ಹೆಸರು ಹುಡುಕುತ್ತದೆ. ಆಮೇಲೆ ಆ ಹೆಸರು ಹಿಡಿದು ತನ್ನನ್ನು ತಾನೇ ಮತ್ತೆ ಕರೆಯುತ್ತದೆ. ಅಪ್ಪನ ಜಾಗ ಖಾಲಿ ಸಿಕ್ಕರೆ ನಿಲ್ಲುತ್ತದೆ. ಮೊದಲ ಗೌರವ ಸರ್ಜಾನಿಗೆ. ಸರ್ಜಾನ ಅಪ್ಪ ರಾಜಾ, ರಾಜಾನ ಅಪ್ಪ ಸರ್ಜಾ, ಸರ್ಜಾನ ಅಪ್ಪ ರಾಜಾ. ಪ್ರೋಗ್ರಾಂ ಸುಸ್ತಾಗಿ ನಿಲ್ಲುವ ಹೊತ್ತಿಗೆ ಪಟ್ಟಿ ಹಾಳೆಗಟ್ಟಲೆ ಬೆಳೆದಿತ್ತು.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಮ್ಮ ಕಡೆ ಮೊಮ್ಮಗನಿಗೆ ಮುತ್ಯಾನ, ಅಂದರೆ ಅಜ್ಜನ, ಹೆಸರಿಡುತ್ತಾರೆ. ಅಧ್ಯಕ್ಷರು ಆ ಮರ್ಯಾದೆಯನ್ನು ನಾಯಿಗೂ ಕೊಟ್ಟಿದ್ದರು. ಬರೀ ಹೆಸರು ನೋಡುವ ಫಂಕ್ಷನ್ನಿಗೆ ಮುತ್ಯಾ ಯಾರು, ಮೊಮ್ಮಗ ಯಾರು ಎಂದು ಹೇಗೆ ತಿಳಿಯಬೇಕು?

ಒಂದೊಂದು ನಾಯಿಗೂ ನಂಬರ್ ಕೊಟ್ಟು ಸರಿಪಡಿಸಿದೆ. ಸರ್ಜಾನ ವಂಶ ನಾಲ್ಕನೇ ತಲೆಮಾರಿಗೆ ಮುಗಿಯಿತು. ಅಧ್ಯಕ್ಷರ ಮುಖ ಹುಳ್ಳಗಾಯಿತು. ಮೊದಲಿನದನ್ನೇ ಪ್ರಿಂಟ್ ಮಾಡು ಎಂದರು.

“ಅದರ ಪ್ರಕಾರ ಸರ್ಜಾ ತನಗ ತಾನ ಮುತ್ಯಾ ಆಗ್ತಾನ್ರೀ” ಎಂದೆ.

“ಅದರಾಗೇನ ತಪ್ಪೈತಿ? ನನಗೂ ಮುತ್ಯಾನ ಹೆಸರ ಐತಿ. ನಮ್ಮವ್ವ ಮಾವನ ಹೆಸರ ಹಿಡೀಬಾರದಂತ ನನ್ನ ಮುತ್ಯಾ ಅಂತನ ಕರೀತಿದ್ಲು.”

ಇಂಥ ಶಾಸ್ತ್ರದ ಮುಂದೆ ನನ್ನ ಡಿಪ್ಲೊಮಾ ಯಾವ ಗಿಡದ ತಪ್ಪಲು? ಹಳೆಯ ಫಂಕ್ಷನ್ ಹಾಕಿದೆ. ಸರ್ಜಾನ ಸರ್ಟಿಫಿಕೇಟಿಗೆ ಸಹಿ ಬಿತ್ತು.

ಮರುದಿನ ಸಾತವ್ವ ಕೆಂಚನನ್ನು ಕರೆದುಕೊಂಡು ಬಂದಳು. ಅವನ ಅಪ್ಪನ ಹೆಸರು ಕೇಳಿದೆ. ಕರಿಯ. ಕರಿಯನ ಅಪ್ಪ? ಕೆಂಚ. ನನಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಹೇಳಿದ್ದನ್ನೆಲ್ಲ ತುಂಬಿ, ಅಧ್ಯಕ್ಷರ ಮೆಚ್ಚಿನ ಫಂಕ್ಷನ್ನನ್ನೇ ಓಡಿಸಿದೆ. ಪ್ರಿಂಟರಿನ ಹಾಳೆ ಮುಗಿಯಿತು, ಕೆಂಚನ ವಂಶ ಮುಗಿಯಲಿಲ್ಲ.

ಅಧ್ಯಕ್ಷರು ಕಟ್ಟನ್ನು ತಿರುವಿ ಹಾಕಿ, ಇದು ಮೋಸ, ಕುರಿ ಕಾಯುವ ನಾಯಿಗೆ ಇಷ್ಟು ಹಿರಿಯರೆಲ್ಲಿಂದ ಬಂದರು ಎಂದು ಕೂಗಾಡಿದರು.

“ಹೌದ್ರೀ, ಮೋಸ. ಹಂಗಾರ ಸರ್ಜಾಂದೂ ಕೂಡೇ ಹರದ ಒಗೀಲ್ರೀ?” ಎಂದೆ.

ಅವರು ಸೋಫಾದ ಕಡೆ ನೋಡಿದರು. ಸರ್ಜಾ ಆಕಳಿಸಿತು. ಅಧ್ಯಕ್ಷರು ಪೆನ್ನು ತೆಗೆದರು.

ಸಾತವ್ವ ಸಹಿಯಿದ್ದ ಹಾಳೆಯನ್ನು ಮಡಚಿ ಉಡಿಯಲ್ಲಿಟ್ಟುಕೊಂಡು, ಉಳಿದ ಕಟ್ಟನ್ನು ಅವರ ಮುಂದೆ ಸರಿಸಿದಳು.

“ಈ ಹಾಳಿ ನೀವ ಇಟಗೋರಿ ಸಾಹೇಬ್ರ. ಓಡಾಂವ ಕೆಂಚ, ಅವನ ಮುತ್ಯಾ ಅಲ್ಲ.”