ಗೆರೆಯಾಚೆಯ ಮಗಳು

ಸೇತುವೆಯ ನಟ್ಟನಡುವೆ ಸುಣ್ಣದ ಗೆರೆಯೊಂದಿತ್ತು. ಮಳೆಗೆ ಅಳಿಯುತ್ತಿತ್ತು, ಮೇಕೆಗಳು ತುಳಿದರೆ ಮಾಸುತ್ತಿತ್ತು. ಮರುದಿನ ಆಚೆ ದಂಡೆಯ ಸಿಪಾಯಿಗಳು ಬಂದು ಮತ್ತೆ ಬಳಿಯುತ್ತಿದ್ದರು. ಆಚೆಯ ಸೀಮೆ ತಾನು ಒಕ್ಕೂಟ ಬಿಟ್ಟೆನೆಂದು ಸಾರಿ ಎರಡು ವರ್ಷವಾಗಿತ್ತು. ಹಾಗೆ ಬಿಡಲು ಯಾರಿಗೂ ಹಕ್ಕಿಲ್ಲವೆಂದು ನಮ್ಮ ಕಡೆಯವರ ಮಾತು. ಅದಕ್ಕಾಗಿಯೇ ಕಾಳಗ.

ಮಗಳು ನೀಲವ್ವನನ್ನು ಯುದ್ಧಕ್ಕೆ ಮೊದಲೇ ಆಚೆಗೆ ಕೊಟ್ಟಿದ್ದೆ. ಕೈಯಿಂದ ಕೈಗೆ ದಾಟಿ ಅವಳ ಓಲೆ ಬಂತು: ಎಂಟು ತಿಂಗಳು ತುಂಬಿದೆ, ಚೊಚ್ಚಲು, ಇಲ್ಲಿ ಸೂಲಗಿತ್ತಿಯೂ ಊರು ಬಿಟ್ಟಿದ್ದಾಳೆ, ಸೇತುವೆಗೆ ಬಂದು ಕರೆದುಕೊಂಡು ಹೋಗು. ಅದನ್ನು ನಾನೇ ಓದಿಕೊಂಡೆ. ಮೂರು ವರ್ಷದ ರಾತ್ರಿ ಶಾಲೆ ಕೊಟ್ಟ ವಿದ್ಯೆ.

ಆ ಶಾಲೆಯ ಸಂಗಣ್ಣ ಮೇಷ್ಟ್ರು ಒಮ್ಮೆ ಹೇಳಿದ್ದರು: "ಒಕ್ಕೂಟ ಅಂದ್ರ ಒಂದ ಮನಿ ಅಲ್ಲ ಅಕ್ಕಾ. ಒಲಿ ಬ್ಯಾರೆ ಬ್ಯಾರೆ, ಬಾವಿ ಒಂದ."

"ಒಬ್ಬರು ಆ ಬಾವಿ ಒಲ್ಲೆ ಅಂದ್ರ?"

"ಅದು ಪಾಠದಾಗ ಇಲ್ಲ."

ಈಚೆ ತುದಿ ಕಾಯುವ ಜಮಾದಾರ ಫಕೀರಪ್ಪನ ಬಳಿ ನಾಲ್ಕು ದಿನ ಅಲೆದೆ.

"ಪರವಾನಗಿ ಚೀಟಿ ಕೊಡ್ರಿ," ಎಂದೆ.

"ಚೀಟಿ ಪರದೇಶದವರಿಗೆ. ನಿನ್ನ ಮಗಳು ನಮ್ಮಾಕಿ."

"ನಮ್ಮಾಕಿ ಆದ್ರ ಬಿಡ್ರಿ."

"ನಾ ಬಿಡ್ತೀನಿ ತಾಯಿ. ಅವರು ಬಿಡಬೇಕಲ್ಲ?" ಗೆರೆಯಾಚೆ ಹಾಕಿದ್ದ ಮೇಜನ್ನು ತೋರಿಸಿದ. "ಕರಕೊಂಡು ಹೋಗಾಕಿ, 'ನಾ ಪರದೇಶದಾಕಿ' ಅಂತ ಸಹಿ ಮಾಡಬೇಕಂತ. ಮಾಡಿದಿ ಅಂದ್ರ ಅದು ಬ್ಯಾರೆ ದೇಶ ಅಂತ ಒಪ್ಪಿದಂಗ. ನಾ ನಿನ್ನ ಹಿಡದು ಒಳಗ ಹಾಕಬೇಕು."

ಸುಳ್ಳು ಬೆದರಿಕೆಯಲ್ಲ. ಹಾಗೆ ಸಹಿ ಮಾಡಿ ಬಂದ ಬಳೆಗಾರನೊಬ್ಬ ಐದು ತಿಂಗಳಿಂದ ಸೆರೆಯಲ್ಲಿದ್ದ.

ಐದನೆಯ ದಿನ ಅಳಿಯನ ಬಂಡಿ ಆಚೆ ತುದಿಗೆ ಬಂದು ನಿಂತಿತು. ನೀಲವ್ವ ಸೊಂಟ ಹಿಡಿದುಕೊಂಡು ಇಳಿದಳು. ಮುಂದಿನದು ಯೋಚಿಸಿ ಮಾಡಿದ್ದಲ್ಲ. ಗೆರೆ ದಾಟಿ ಮೇಜಿನ ಮುಂದೆ ನಿಂತೆ. ಅಲ್ಲಿಯ ಗುಮಾಸ್ತ ಕಾಗದ ಚಾಚಿದ. 'ಅನ್ಯದೇಶದ ಪ್ರಜೆಯಾದ ನಾನು' ಎಂದು ಶುರುವಾಗಿತ್ತು. ಕೊನೆಯ ಸಾಲಿನವರೆಗೂ ಓದಿದೆ. ಲೇಖನಿಯ ಕಡೆ ಹೋದ ಕೈ ಅಲ್ಲೇ ನಿಂತಿತು.

"ಸಹಿ ಬರೂದಿಲ್ರಿ," ಎಂದೆ.

"ಮತ್ತ ಇಷ್ಟೊತ್ತು ಏನ ನೋಡಾಕತ್ತಿದ್ದಿ?"

"ಮುದ್ರಿ ಛಂದ ಐತ್ರಿ."

ಅವನು ನಕ್ಕು ಮಸಿಯ ಡಬ್ಬಿ ಮುಂದೆ ತಳ್ಳಿದ. ಹೆಬ್ಬೆಟ್ಟು ಒತ್ತಿದೆ. ಅಳಿಯ ಗಂಟೊಂದನ್ನು ನನ್ನ ಕೈಗಿಟ್ಟು ಎತ್ತಿನ ಕಡೆ ತಿರುಗಿಕೊಂಡ. ಮಗಳ ತೋಳು ಹಿಡಿದು ಬರುವಾಗ ಹಸಿ ಸುಣ್ಣ ಇಬ್ಬರ ಪಾದಕ್ಕೂ ಅಂಟಿತು.

ಫಕೀರಪ್ಪ ನನ್ನ ಬೆರಳು ನೋಡಿದ. ದಿನಾ ಸಂಜೆ ನಾನು ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದುದು ಅವನ ಠಾಣೆಯ ಮುಂದಿನಿಂದಲೇ.

"ಕಾಗದದಾಗ ಏನಿತ್ತು?"

"ನನಗೇನ ತಿಳೀತದ? ಓದು ಬಾರದಾಕಿ."

ಅವನು ನನ್ನ ಪಕ್ಕದ ಮಗಳ ಕಡೆ ನೋಡಿದ. ನೀಲವ್ವನ ಉಸಿರು ಏರುತ್ತಿತ್ತು. ಕೊನೆಗೆ ವಹಿಯಲ್ಲಿ ಏನೋ ಬರೆದುಕೊಂಡ. ತಲೆಕೆಳಗಾಗಿದ್ದರೂ ಓದಿದೆ: 'ನಿರಕ್ಷರಿ. ತಿಳಿಯದೆ ಒತ್ತಿದ್ದಾಳೆ.'

"ನಡಿ," ಎಂದ. "ಇನ್ನ ಪಾಟಿ ಹಿಡಕೊಂಡು ಈ ಹಾದಿಲೆ ಬರಬ್ಯಾಡ."

ಕಾಳಗ ಮುಗಿಯುವವರೆಗೂ ಶಾಲೆಗೆ ಹೋಗಲಿಲ್ಲ. ಮೇಷ್ಟ್ರು ಒಮ್ಮೆ ಹೇಳಿ ಕಳಿಸಿದರು. ಮೈ ನೆಟ್ಟಗಿಲ್ಲ ಎಂದೆ.

ನೀಲವ್ವ ಈಚೆ ಬಂದ ಹತ್ತನೆಯ ದಿನ ಹೆಣ್ಣು ಕೂಸು ಹುಟ್ಟಿತು. ಹೊಳೆಯ ಕಡೆಯಿಂದ ತೋಪಿನ ಸದ್ದು ಕೇಳುತ್ತಲೇ ಇತ್ತು. ಒಂದೊಂದು ಸದ್ದಿಗೂ ನೀಲವ್ವ ಬಾಗಿಲ ಕಡೆ ನೋಡುತ್ತಿದ್ದಳು. ನೀರೆರೆಯುವ ಮೊದಲು ಕೂಸಿನ ನೆತ್ತಿಗೆ ಹರಳೆಣ್ಣೆ ಇಟ್ಟೆ. ಎಲುಬುಗಳು ಇನ್ನೂ ಒಂದಕ್ಕೊಂದು ಕೂಡಿರಲಿಲ್ಲ. ಅಲ್ಲಿ ಚರ್ಮ ಮೆಲ್ಲಗೆ ಏಳುತ್ತ ಇಳಿಯುತ್ತ ಮಿಡಿಯುತ್ತಿತ್ತು. ಬೆರಳನ್ನು ಒತ್ತದೆ, ತೆಗೆಯದೆ, ಹಾಗೆಯೇ ಇಟ್ಟುಕೊಂಡು ಕೂತೆ.