ಎರಡು ಪೆಟ್ಟಿಗೆಗಳ ನಡುವೆ

ಮೂರನೆಯ ಸಲ ಆಂಪ್ಲಿಫೈಯರನ್ನು ಬಿಚ್ಚಿ ಜೋಡಿಸಿದರೂ ಆ ಕಿರಕಿರ ಹೋಗಲಿಲ್ಲ. ಮಚ್ಚೇಂದ್ರ ಕಾದ ಸೋಲ್ಡರಿಂಗ್ ಐರನ್ನನ್ನು ಇಟ್ಟಂಗಿಯ ತುಂಡಿನ ಮೇಲಿಟ್ಟು, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಸ್ಪೀಕರಿನ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ. ಅಕ್ಕ ಸುಗಂಧಾಳ ದನಿ ಬಂತು. ಸತ್ತು ಏಳು ವರ್ಷವಾದವಳ ದನಿ, ಈಗಷ್ಟೇ ಕೊಡ ಇಳಿಸಿ ಬಂದವಳದೇ ಎನ್ನುವ ಹಾಗೆ ಹಸಿಯಾಗಿತ್ತು. ಅದರ ಹಿಂದೆ ಬೀಸುವ ಕಲ್ಲಿನ ಗುಡುಗುಡು. ಅದೂ ಸರಿಯೇ, ಆಕೆ ಬೀಸುತ್ತಲೇ ಹಾಡಿದ್ದಳು. ಆದರೆ ಆ ಗುಡುಗುಡುವಿನ ಒಳಗೆ ಉಸುಕು ಹಾಕಿ ಬೋಗುಣಿ ತಿಕ್ಕಿದಂಥ ಒಂದು ಒರಟು ಸಪ್ಪಳವಿತ್ತು. ಅದೇ ಅವನ ಜೀವ ತಿನ್ನುತ್ತಿತ್ತು.

"ರೇಡಿಯೋ ಹಚ್ಚು ನೋಡಮು" ಎಂದರು ಅಂಗಡಿಯ ಮಾಲಕ ಗಯಾಸುದ್ದೀನ್. ಹುಮನಾಬಾದದ ಬಸ್‌ಸ್ಟ್ಯಾಂಡಿನ ಎದುರಿಗೆ ಅವರದು ರೇಡಿಯೋ ರಿಪೇರಿ ಅಂಗಡಿ. ಹತ್ತನೇ ಇಯತ್ತೆಯಲ್ಲಿ ಢುಮಕಿ ಹೊಡೆದ ವರ್ಷದಿಂದ ಮಚ್ಚೇಂದ್ರನಿಗೆ ಅದೇ ಸಾಲಿ, ಅವರೇ ಮಾಸ್ತರು.

ರೇಡಿಯೋದ ತಂತಿ ಸಿಗಿಸಿದ. ಹೈದರಾಬಾದಿನ ಹಾಡು ಎರಡೂ ಪೆಟ್ಟಿಗೆಗಳಿಂದ ತಿಳಿನೀರಿನ ಹಾಗೆ ಹರಿದು ಬಂತು. ಕಿರಕಿರದ ಸುಳಿವೂ ಇಲ್ಲ.

"ನೋಡು ಮಿಯಾ, ನಿನ್ನ ಮಷೀನ್ ಸಾಫ್ ಅದ. ಖೋಡಿ ಇದ್ರ ಟೇಪಿನಾಗ ಅದ."

"ಟೇಪಿನಾಗ ಹ್ಯಾಂಗ ಇರ್ತದ್ರಿ ಚಾಚಾ? ಏಳು ವರ್ಷದಿಂದ ಕೇಳಾಕತ್ತೀನಿ, ಒಂದಿನಾನೂ ಕೇಳಿಸಿಲ್ಲ."

"ಇಷ್ಟ ದಿನ ಕೇಳಿದ್ದು ಅಂಗೈಯಷ್ಟು ಸ್ಪೀಕರಿನಾಗ. ಸಣ್ಣ ಬಾಯಿ ಇದ್ದಾಕಿ ಎಲ್ಲಾ ಮಾತು ಹೇಳಂಗಿಲ್ಲಪಾ" ಎಂದು ಚಾಚಾ ನಕ್ಕರು. ಮಚ್ಚೇಂದ್ರ ನಗಲಿಲ್ಲ. ದೋಷ ತನ್ನ ಕೈಕೆಲಸದ್ದೇ ಎಂದು ಅವನಿಗೆ ಖಾತ್ರಿಯಿತ್ತು. ಮೊದಮೊದಲು ಮಷೀನು ಗುಂಯ್ ಎನ್ನುತ್ತಿತ್ತು. ಅರ್ಥಿಂಗ್ ತಂತಿಗಳನ್ನೆಲ್ಲ ತಂದು ಒಂದೇ ಸ್ಕ್ರೂವಿಗೆ ಕಟ್ಟಿದ ಮೇಲೆ ಅದು ನಿಂತಿತು. ಆ ಗುಂಯ್ ನಿಂತ ದಿನವೇ ಈ ಕಿರಕಿರ ಮೇಲಕ್ಕೆ ಬಂದದ್ದು.

ಆ ಆಂಪ್ಲಿಫೈಯರ್ ಕಟ್ಟಲು ಅವನಿಗೆ ಒಂದು ವರ್ಷ ಹಿಡಿದಿತ್ತು. ಸುಟ್ಟುಹೋದ ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿ ಬಿಚ್ಚಿ, ಸುತ್ತುಗಳನ್ನು ಬಾಯಲ್ಲಿ ಎಣಿಸುತ್ತ ಕೈಯಿಂದಲೇ ಹೊಸದಾಗಿ ಸುತ್ತಿದ್ದ. ಲೋಹದ ಟೊಪ್ಪಿಗೆಯ ನಾಲ್ಕು ದೊಡ್ಡ ಟ್ರಾನ್ಸಿಸ್ಟರುಗಳನ್ನು ಲಾರಿ ಡ್ರೈವರ್ ಮಹೆಬೂಬ ಹೈದರಾಬಾದಿನಿಂದ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಂದುಕೊಟ್ಟಿದ್ದ. ಅವು ಕಾದು ಸುಡಬಾರದೆಂದು ಅವ್ವನ ಹಳೆಯ ಜರ್ಮನ್ ಪರಾತವನ್ನೇ, ಆ ಅಲ್ಯುಮಿನಿಯಮ್ಮಿನ ಅಗಲ ತಾಟನ್ನೇ, ಕತ್ತರಿಸಿ ಅವಕ್ಕೆ ಬೆನ್ನಿಗೆ ಕೊಟ್ಟಿದ್ದ. ಅಕ್ಕನನ್ನು ರೆಕಾರ್ಡ್ ಮಾಡಿದ್ದು ಒಂದೇ ಮೈಕಿನಲ್ಲಿ. ಆದರೂ ಇವನು ಸ್ಟೀರಿಯೋನೇ ಆಗಬೇಕೆಂದು ಹಠ ಹಿಡಿದ.

"ಹಾಡಿದಾಕಿ ಒಬ್ಬಾಕಿ. ಪೆಟ್ಟಿಗಿ ಎರಡ್ಯಾಕೋ?" ಎಂದು ಚಾಚಾ ಕೇಳಿದ್ದರು.

"ಅವ್ವಗ ಕಿವಿ ಎರಡವಲ್ರಿ."

ಅವನ ಊರು ದುಬಲಗುಂಡಿಯ ಜನವೂ ಸುಮ್ಮನಿರಲಿಲ್ಲ. ಮನೆಯ ಮಾಡು ಸೋರುತ್ತಿರುವಾಗ ಹಾಡಿನ ಪೆಟ್ಟಿಗೆ ಮಾಡುವ ಮಗನನ್ನು ಕಂಡು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡರು. ಊರ ಬಾಯಿಗೆ ಹಾಕುವ ಬೀಗವನ್ನು ಯಾವ ಕಮ್ಮಾರನೂ ಇನ್ನೂ ಮಾಡಿಲ್ಲ. ಮಚ್ಚೇಂದ್ರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ: ಅವ್ವ ಕಮಳಾಬಾಯಿಯ ಒಂದು ಪ್ರಶ್ನೆಗೆ ಉತ್ತರ ಕೊಡುವುದು.

ಆ ಪ್ರಶ್ನೆಗೆ ಏಳು ವರ್ಷ. ಎಪ್ಪತ್ತಮೂರರ ಬರಗಾಲದಲ್ಲಿ, ಯುಗಾದಿಯ ಮುಂದೆ, ಅವನು ಅಕ್ಕನ ಗಂಡನೂರು ಮುಡಬಿಗೆ ಹೋಗಿ ಆಕೆಯನ್ನು ನೋಡಿ ಬಂದಿದ್ದ. ಅದಾಗಿ ಎರಡು ತಿಂಗಳಿಗೆ ಅಕ್ಕ ಮೂರೇ ದಿನದ ಜ್ವರದಲ್ಲಿ ತೀರಿಕೊಂಡಳು. "ಜ್ವರ ಯಾರಿಗಿ ಬರಂಗಿಲ್ಲ? ಮೈಯಾಗ ಕಸುವಿದ್ರ ಬಂದ ಹಾದೀಲೆ ಹೋಗ್ತದ" ಎನ್ನುವಳು ಅವ್ವ. ಆಮೇಲೆ ಕೇಳುವಳು: "ಮಚ್ಯಾ, ನೀ ಹೋದಾಗ ಆಕಿ ಮನ್ಯಾಗ ಕಾಳಿದ್ವು ಹೌದಲ್ಲೋ?"

"ಇದ್ವವ್ವಾ. ಬೀಸ್ಕೋತ ಹಾಡ್ಯಾಳ. ಕಾಳಿಲ್ದ ಯಾರರ ಬೀಸ್ತಾರೇನು?"

ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಸಾಕ್ಷಿಗೆ ಕ್ಯಾಸೆಟ್ಟಿತ್ತು. ಒಂದು ಸಲ ಅಂಗಡಿಯಿಂದ ಚಿಕ್ಕ ಟೇಪ್‌ರೆಕಾರ್ಡರ್ ತಂದು ಕೇಳಿಸಿಯೂ ಇದ್ದ. ಕಿವಿ ಮಂದವಾದ ಮುದುಕಿ ಮುಖ ಕಿವುಚಿ, "ಇದು ನನ್ನ ಸುಗಂಧಾ ಅಲ್ಲೋ, ಡಬ್ಬ್ಯಾಗ ಸಿಕ್ಕ ನೊಣ" ಎಂದುಬಿಟ್ಟಳು. ಆ ಮಾತು ಅವನ ಎದೆಗೆ ನಾಟಿತು. ಅಕ್ಕನ ದನಿ ಅಕ್ಕನ ದನಿಯಷ್ಟೇ ದೊಡ್ಡದಾಗಿ ಕೇಳಿಸುವ ಮಷೀನು ಮಾಡಬೇಕು, ಅವ್ವನ ಮನಸ್ಸು ಒಮ್ಮೆ ತಣ್ಣಗಾಗಬೇಕು ಎಂದು ಅಂದೇ ನಿಶ್ಚಯಿಸಿದ.

ಭಾನುವಾರ ಮಧ್ಯಾಹ್ನ ಬಸ್ಸಿನ ಮೇಲೆ ಪೆಟ್ಟಿಗೆಗಳನ್ನು ಏರಿಸಿ, ಮಷೀನನ್ನು ಮಾತ್ರ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ದುಬಲಗುಂಡಿಗೆ ಹೊರಟ. ಕಿರಕಿರ ಹಾಗೇ ಇತ್ತು. ದನಿಯ ಒರಟು ತಗ್ಗಿಸುವ ಒಂದು ಗುಂಡಿಯನ್ನು ಮಷೀನಿನ ಮುಖಕ್ಕೆ ಹೆಚ್ಚಿಗೆ ಕೂಡಿಸಿಕೊಂಡಿದ್ದ. ಅದನ್ನು ತಿರುವಿದರೆ ಕಿರಕಿರವೂ ತಗ್ಗುತ್ತಿತ್ತು, ಜೊತೆಗೆ ಅಕ್ಕನ ದನಿಯೂ ಕಂಬಳಿ ಹೊದ್ದುಕೊಳ್ಳುತ್ತಿತ್ತು. ಏನಾದರಾಗಲಿ, ಅವ್ವನಿಗೆ ಅದೆಲ್ಲ ತಿಳಿಯಲಿಕ್ಕಿಲ್ಲ ಎಂದುಕೊಂಡ.

ದಾರಿಯುದ್ದಕ್ಕೂ ಅವನಿಗೆ ಮುಡಬಿಯ ಆ ನಸುಕು ನೆನಪಾಗುತ್ತಿತ್ತು. ಹೈದರಾಬಾದಿನ ಸಾಹುಕಾರರೊಬ್ಬರು ರಿಪೇರಿಗೆ ಬಿಟ್ಟಿದ್ದ ಟೇಪ್‌ರೆಕಾರ್ಡರನ್ನು, ಕೆಲಸ ಮುಗಿಸಿದ ಮೇಲೆ ಎರಡು ದಿನದ ಮಟ್ಟಿಗೆ ಚಾಚಾನ ಕೈಕಾಲು ಹಿಡಿದು ಕೇಳಿ ತಂದಿದ್ದ. ಕಲ್ಯಾಣದಲ್ಲಿ ಬಸ್ಸು ಬದಲಿಸಿ ಮುಡಬಿಗೆ ಮುಟ್ಟುವಾಗ ಸಂಜೆಯಾಗಿತ್ತು. ಭಾವ ದತ್ತಾತ್ರಿ ಬರಗಾಲದ ಕಾಮಗಾರಿಗೆಂದು ರಸ್ತೆಯ ಕಲ್ಲು ಒಡೆಯಲು ಹೋಗಿ ತಿಂಗಳಾಗಿತ್ತು. ಅಕ್ಕ ಬಿಸಿ ರೊಟ್ಟಿ ಬಡಿದು ಇವನ ತಾಟಿಗೆ ಹಾಕಿದಳು. "ನೀ ಉಣ್ಣವಾ" ಎಂದರೆ, "ನಂದು ಆಗ್ಯಾದ ತಮ್ಮಾ" ಎಂದಳು. ನಸುಕಿನಲ್ಲಿ ಎದ್ದು ಇವನು ಬೀಸುವ ಪದ ಹಾಡೆಂದು ಗಂಟುಬಿದ್ದ. ಬರೇ ಬಾಯಿಂದ ಹಾಡಲು ಆಕೆಗೆ ಬಾರದು, ಕಲ್ಲಿನ ಗೂಟ ಹಿಡಿದರೇನೇ ಪದ. ಆಕೆ ಒಳಗೊಮ್ಮೆ ಇಣುಕಿ, "ನೀ ಹೊರಗ ಕಟ್ಟಿ ಮ್ಯಾಲ ಕೂಡು. ಎದುರಿಗಿದ್ರ ನನಗ ನಾಚಿಕಿ ಬರ್ತದ" ಎಂದು ಒಳಗೆ ಹೋಗಿದ್ದಳು. ದೀಪ ಹಚ್ಚಿರಲಿಲ್ಲ. ಇವನು ಟೇಪ್‌ರೆಕಾರ್ಡರನ್ನು ಹೊಸ್ತಿಲ ಮೇಲಿಟ್ಟು ಹೊರಗೆ ಕೂತ. "ಅಕ್ಕಾ, ಕಲ್ಲು ಸಾವಕಾಶ ತಿರಗಸು, ಅದರ ಸಪ್ಪಳದಾಗ ನೀನೇ ಕೇಳಸವಲ್ಲಿ" ಎಂದು ಎರಡು ಸಲ ಕೂಗಿಯೂ ಇದ್ದ. ಒಂದು ಪದ ಮುಗಿದರೆ ಇನ್ನೊಂದು ಎಂದು ಕಾಡಿ, ಅರ್ಧ ತಾಸಿನ ಟೇಪು ತುಂಬುವವರೆಗೆ ಬಿಟ್ಟಿರಲಿಲ್ಲ.

ದುಬಲಗುಂಡಿಯ ಮನೆಯಲ್ಲಿ ಪೆಟ್ಟಿಗೆಗಳನ್ನು ಇಡಲು ಖಾಲಿ ಗೋಡೆ ಇದ್ದುದು ಒಂದೇ. ಅಲ್ಲಿ ಅವ್ವನ ಬೀಸುವ ಕಲ್ಲಿತ್ತು. ಊರಿಗೆ ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ, ಆದರೂ ಅವ್ವ ಅದನ್ನು ಕೀಳಲು ಬಿಟ್ಟಿರಲಿಲ್ಲ. ಕಲ್ಲಿನ ಆಚೆಗೊಂದು ಈಚೆಗೊಂದು ಪೆಟ್ಟಿಗೆ ಇಟ್ಟು, ಮಷೀನಿಗೂ ಅಂಗಡಿಯ ಟೇಪ್‌ರೆಕಾರ್ಡರಿಗೂ ತಂತಿ ಜೋಡಿಸಿ, ಅವ್ವನನ್ನು ಎದುರಿಗೆ ಕೂಡಿಸಿದ. ಕಮಳಾಬಾಯಿ ಯಾರೋ ಬೀಗರು ಬರುವವರಿದ್ದಾರೆ ಎನ್ನುವ ಹಾಗೆ ಸೆರಗು ಸರಿಮಾಡಿಕೊಂಡಳು.

ಹಾಡು ಶುರುವಾಯಿತು.

*ಕಲ್ಲೀನ ಬಾಯಾಗ ಹಿಡಿಗಾಳ ಹಾಕೇನ*
*ತಮ್ಮ ಬಂದಾನ ಬಿಸಲಾಗ | ಬೇವಿನಮ್ಮ*
*ನೆರಳ್ಹಿಡಿಯ ಅವನ ತಲಿಮ್ಯಾಲ*

ಅವ್ವ ಬೆಚ್ಚಿದಳು. ಎರಡೂ ಪೆಟ್ಟಿಗೆಯಿಂದ ಒಂದೇ ದನಿ ಸಮಸಮವಾಗಿ ಬಂದಾಗ ಅದು ಪೆಟ್ಟಿಗೆಯಿಂದ ಬಂದಂತೆ ಕೇಳುವುದಿಲ್ಲ, ಎರಡರ ನಟ್ಟನಡುವೆ ಯಾರೋ ಕೂತು ಹಾಡಿದಂತಿರುತ್ತದೆ. ಮಚ್ಚೇಂದ್ರನಿಗೆ ಅದು ಗೊತ್ತಿದ್ದ ಸಂಗತಿ. ಅವ್ವನಿಗೆ ಗೊತ್ತಿರಲಿಲ್ಲ. ಆಕೆ ಆ ಪೆಟ್ಟಿಗೆ ನೋಡಿದಳು, ಈ ಪೆಟ್ಟಿಗೆ ನೋಡಿದಳು, ಕೊನೆಗೆ ನಡುವಿನ ಬೀಸುವ ಕಲ್ಲನ್ನೇ ನೋಡುತ್ತ, "ಯವ್ವಾ... ಇಲ್ಲೇ ಕುಂತಾಳಲ್ಲೋ" ಎಂದಳು. ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿದ್ದರೂ ಮುಖ ನಗುತ್ತಿತ್ತು. ಒಂದು ವರ್ಷದ ದುಡಿಮೆ ಸಾರ್ಥಕವಾಯಿತು ಎಂದುಕೊಂಡ ಮಚ್ಚೇಂದ್ರ.

ಎರಡನೆಯ ಪದಕ್ಕೆ ಆ ನಗು ಹೋಯಿತು. ಕಮಳಾಬಾಯಿ ತಲೆ ಓರೆ ಮಾಡಿದಳು. ಕೂತಲ್ಲಿಂದ ಸರಿಯುತ್ತ ಬಂದು ಪೆಟ್ಟಿಗೆಯ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದಳು.

"ಆ ಕಿರಕಿರ ನಂದೇ ಖೋಡಿ ಅವ್ವಾ" ಎಂದ ಮಚ್ಚೇಂದ್ರ ಅವಸರದಿಂದ. "ತಡಿ, ಕಮ್ಮಿ ಮಾಡ್ತೀನಿ." ಕೈ ಗುಂಡಿಗೆ ಹೋಯಿತು.

"ಮುಟ್ಟಬ್ಯಾಡ."

ಪದ ಮುಗಿಯುವವರೆಗೆ ಅವ್ವ ಕಣ್ಣು ತೆರೆಯಲಿಲ್ಲ. ಮುಗಿದ ಮೇಲೆ, ಬಹಳ ಮೆಲ್ಲಗೆ ಹೇಳಿದಳು: "ಅದು ನಿನ್ನ ಮಷೀನಿನ ಖೋಡಿ ಅಲ್ಲೋ ಮಚ್ಯಾ. ಕಲ್ಲಾಗ ಕಾಳಿಲ್ಲ."

"ಏನಂದಿ?"

"ಕಾಳಿದ್ರ ಕಲ್ಲಿನ ದನಿ ದಪ್ಪ ಇರ್ತದ, ಮೆತ್ತಗಿರ್ತದ. ಇದು ಕಲ್ಲಿಗಿ ಕಲ್ಲು ಹತ್ತಿದ್ದು. ಖಾಲಿ ಕಲ್ಲು ತಿರುವ್ಯಾಳ."

ಮಚ್ಚೇಂದ್ರನಿಗೆ ಸಿಟ್ಟೇ ಬಂತು. ಟ್ರಾನ್ಸಿಸ್ಟರಿನ ಮಾತು ಈ ಮುದುಕಿಗೇನು ಗೊತ್ತು! ಗಂಡಸರಿಗೆ ಬೀಸುವ ಕಲ್ಲೆಂದರೆ ನಸುಕಿನ ನಿದ್ದೆಯಲ್ಲಿ ಕೇಳುವ ಸಪ್ಪಳ, ಅಷ್ಟೇ. ಖಾಲಿ ಕಲ್ಲನ್ನಂತೂ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಡುತ್ತ ಆಡುತ್ತ ಒಮ್ಮೆ ಖಾಲಿ ಕಲ್ಲು ತಿರುಗಿಸಿದ್ದಕ್ಕೆ ಅವ್ವ ಸುಗಂಧಾಳ ಬೆನ್ನಿಗೆ ಬಾರಿಸಿದ್ದಳು ಎಂದು ಮಾತ್ರ ಕೇಳಿ ಗೊತ್ತಿತ್ತು. ಖಾಲಿ ಕಲ್ಲು ಬೀಸಿದ ಮನೆಗೆ ಹಸಿವು ಹುಡುಕಿಕೊಂಡು ಬರುತ್ತದೆ ಎನ್ನುವುದು ಅವರ ಮನೆಯ ಹೆಂಗಸರ ಮಾತು. ಅವನು ಎದ್ದು ಹೋಗಿ, ಎರಡು ಪೆಟ್ಟಿಗೆಗಳ ನಡುವೆ ಮಂಡಿಯೂರಿ, ಕಲ್ಲಿನ ಗೂಟಕ್ಕೆ ಕೈಹಾಕಿದ.

"ಬ್ಯಾಡಪಾ" ಎಂದಳು ಅವ್ವ.

ಒಂದು ಸುತ್ತು ತಿರುಗಿಸಿದ. ಕಿರ್ ಎಂದಿತು. ಎರಡು ವಾರ ಅವನು ಬೆಸುಗೆ ಕಿತ್ತು, ಬಿಡಿಭಾಗ ಬದಲಿಸಿ, ಮಷೀನಿನಿಂದ ಓಡಿಸಲು ಹೆಣಗಿದ ಸಪ್ಪಳ ಅದೇ. ಕೂದಲೆಳೆಯಷ್ಟೂ ಬೇರೆ ಇರಲಿಲ್ಲ. ಅವನ ಕೈ ಗೂಟದ ಮೇಲೆಯೇ ಉಳಿಯಿತು.

ಟೇಪಿನಲ್ಲಿ ಅಕ್ಕ ಮೂರನೆಯ ಪದ ಎತ್ತಿದ್ದಳು. ಅದರ ನಡುವೆ ಹೊಸ್ತಿಲ ಹೊರಗಿನಿಂದ ಒಬ್ಬ ಹುಡುಗನ ದನಿ, ತನ್ನದೇ ದನಿ, ಕೂಗಿತು: "ಅಕ್ಕಾ, ಕಲ್ಲು ಸಾವಕಾಶ ತಿರಗಸು!" ಕಲ್ಲು ನಿಧಾನವಾಯಿತು. ಹಾಡು ನಿಲ್ಲಲಿಲ್ಲ.

"ಹೊಳ್ಳಿ ಬರಾಗ ನಿನಗ ಬುತ್ತಿ ಕಟ್ಟಿದ್ಳೇನು?" ಎಂದು ಅವ್ವ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಏಳು ವರ್ಷ ತಿಳಿಯದೆ ಸುಳ್ಳು ಹೇಳಿದವನಿಗೆ ಈಗ ತಿಳಿದು ಹೇಳಲು ನಾಲಿಗೆ ಏಳಲಿಲ್ಲ.

"ಹೂಂ. ನಾಕು ರೊಟ್ಟಿ."

"ತಿಂದ್ಯಾ?"

"ಕಲ್ಯಾಣದ ಸ್ಟ್ಯಾಂಡಿನಾಗ ತಿಂದೆ."

ಅವ್ವ ತಲೆಯಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಚ್ಚೇಂದ್ರ ಕಲ್ಲಿನ ಮುಂದೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸಣ್ಣವನ ಹಾಗೆ ಅತ್ತ. ಅಕ್ಕ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಆ ನಾಲ್ಕು ರೊಟ್ಟಿಯ ಹಿಟ್ಟು ಡಬ್ಬಿಯ ತಳದ್ದೋ, ನೆರೆಮನೆಯ ಕಡವೋ, ಇನ್ನು ಯಾರು ಹೇಳಬೇಕು? ಹೇಳುವವಳು ಹಾಡುತ್ತಲೇ ಇದ್ದಳು.

"ಅಳಬ್ಯಾಡ. ನೀ ಉಂಡಿದ್ದು ಆಕಿಗಿ ಸಮಾಧಾನ ಆಗಿತ್ತು" ಎಂದು ಕಮಳಾಬಾಯಿ ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. "ಮೊದಲಿಂದ ಹಚ್ಚು."

"ಬ್ಯಾಡವ್ವಾ."

"ಹಚ್ಚಂದ್ರ ಹಚ್ಚು."

ಅವನು ಟೇಪನ್ನು ಹಿಂದಕ್ಕೆ ಸುತ್ತತೊಡಗಿದ. ಅವ್ವ ಒಳಗೆ ಹೋಗಿ, ಮಣ್ಣಿನ ಹರವಿಯ ಮುಚ್ಚಳ ಸರಿಸಿ, ಮೊರದ ತುಂಬ ಬಿಳಿಜೋಳ ತಂದಳು. ಎರಡು ಪೆಟ್ಟಿಗೆಗಳ ನಡುವೆ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಹಿಂದಿನ ಕಾಲದಲ್ಲಿ ಕೂಡುತ್ತಿದ್ದ ಹಾಗೆ ಕಲ್ಲಿನ ಮುಂದೆ ಕೂತಳು. ಸೆರಗಿನಿಂದ ಕಲ್ಲಿನ ಬಾಯಿಯ ದೂಳು ಒರೆಸಿದಳು. ಹಾಡು ಮೊದಲಿನಿಂದ ಬಂತು. ಹಿಡಿಗಾಳ ಹಾಕೇನ ಎಂದು ಸುಗಂಧಾ ಎತ್ತಿದ ಹೊತ್ತಿಗೆ ಅವ್ವ ಮುಷ್ಟಿಯ ಜೋಳವನ್ನು ಕಲ್ಲಿನ ಬಾಯಿಗೆ ಬಿಟ್ಟು, ಗೂಟ ಹಿಡಿದಳು.

ಮಗಳ ಕಲ್ಲು ತಿರುಗಿದ ಲಯಕ್ಕೆ ತಾಯಿಯ ಕಲ್ಲೂ ತಿರುಗಿತು. ಮೊದಲ ಸುತ್ತಿಗೆ ಸ್ವಲ್ಪ ಎಡವಿ, ಆಮೇಲೆ ಒಂದೇ ಆಯಿತು. ಮೆತ್ತಗಿನ ದಪ್ಪ ಸಪ್ಪಳವೊಂದು ಏಳುತ್ತ ಏಳುತ್ತ ಮನೆ ತುಂಬಿಕೊಂಡಿತು, ಕಿರಕಿರ ಅದರ ಕೆಳಗೆ ಸೇರಿಹೋಯಿತು. ಮಚ್ಚೇಂದ್ರ ಗುಂಡಿಗಳನ್ನು ಮುಟ್ಟಲಿಲ್ಲ. ಅವ್ವ ಹಿಡಿಹಿಡಿ ಹಾಕುತ್ತಲೇ ಇದ್ದಳು. ಕಲ್ಲಿನ ಸುತ್ತ ಬಿಳಿ ಹಿಟ್ಟು ಇಳಿದು, ನೆಲದ ಮೇಲೆ ಹರಿದಿದ್ದ ಅವನ ತಂತಿಗಳನ್ನು ಮೆಲ್ಲಗೆ ಮುಚ್ಚುತ್ತ ಬಂತು.